ಟಿ.ಬಿ. ಡ್ಯಾಂ ದಂಡೆಯಲ್ಲಿ ಮನೆಮಂದಿಯೊಂದಿಗೆ ಒಂದು ದಿನ: ಹೊರಡುವ ಮುನ್ನ ನೀರು ನೋಡುವ ಬಗೆ

ಕೊಪ್ಪಳ, ಗಂಗಾವತಿ, ಸಿಂಧನೂರು, ರಾಯಚೂರು ಸೀಮೆಯ ಮನೆಗಳಲ್ಲಿ ಮಕ್ಕಳಿಗೆ ರಜೆ ಬಿಟ್ಟಿತೆಂದರೆ ಮೊದಲು ಕೇಳಿಬರುವ ಹೆಸರು ಟಿ.ಬಿ. ಡ್ಯಾಂ. ತುಂಗಭದ್ರಾ ಜಲಾಶಯ ಎಂಬ ಪೂರ್ತಿ ಹೆಸರನ್ನು ನಾವು ಅರ್ಜಿಗಳಲ್ಲಿ, ಪತ್ರಿಕೆಗಳಲ್ಲಿ ಬರೆಯುತ್ತೇವೆ. ಮಾತಿನಲ್ಲಿ ಅದು ಬರೀ ಡ್ಯಾಂ. ನಮ್ಮ ಗದ್ದೆಗೆ ನೀರು ಬರುವುದು ಅಲ್ಲಿಂದ, ನಮ್ಮ ಅನೇಕ ಊರುಗಳ ಕುಡಿಯುವ ನೀರೂ ಅಲ್ಲಿಯದೇ. ಹೀಗಿದ್ದರೂ ಅಲ್ಲಿಗೆ ಹೊರಡುವಾಗ ಬಹುತೇಕರು ರಜೆಯ ದಿನವನ್ನು ನೋಡುತ್ತಾರೆಯೇ ಹೊರತು ನೀರಿನ ಮಟ್ಟವನ್ನು ನೋಡುವುದಿಲ್ಲ. ಜಲಾಶಯದ ದಂಡೆಯ ಉದ್ಯಾನವು ಪೇಟೆಯ ನಡುವಿನ ಉದ್ಯಾನದಂತಲ್ಲ. ಯಾವ ದಂಡೆಗೆ ಹೋಗಬೇಕು, ಏನನ್ನು ಕಾಣಬಹುದು, ಎಲ್ಲಿ ಕೂರಬೇಕು, ಎಲ್ಲಿಗೆ ಇಳಿಯಬಾರದು ಎಂಬುದನ್ನೆಲ್ಲ ಅಲ್ಲಿ ಆ ದಿನದ ನೀರೇ ತೀರ್ಮಾನಿಸುತ್ತದೆ.

ಇದನ್ನು ನಾನು ಕಲಿತದ್ದು ಮೇ ತಿಂಗಳ ಒಂದು ಭಾನುವಾರ. ಅವ್ವನನ್ನೂ ಅಕ್ಕನ ಇಬ್ಬರು ಮಕ್ಕಳನ್ನೂ ಕರೆದುಕೊಂಡು, ಗೇಟುಗಳಿಂದ ಹಾಲಿನಂತೆ ಧುಮ್ಮಿಕ್ಕುವ ನೀರನ್ನು ತೋರಿಸುತ್ತೇನೆಂದು ದಾರಿಯುದ್ದಕ್ಕೂ ಹೇಳುತ್ತ ಹೋಗಿದ್ದೆ. ಅಲ್ಲಿ ಕಂಡದ್ದು ಒಣಗಿ ನಿಂತ ಗೇಟುಗಳು, ಅವುಗಳ ಕೆಳಗೆ ಬಿಸಿಲಿಗೆ ಕಾದ ಬಂಡೆಗಳು, ಬಂಡೆಗಳ ನಡುವೆ ಅಲ್ಲಲ್ಲಿ ನಿಂತ ಹಸಿರು ನೀರು. ಚಿಕ್ಕವನು ನನ್ನ ಕೈ ಜಗ್ಗಿ, ‘ಮಾವಾ, ನೀರ ಎಲ್ಲೈತಿ?’ ಎಂದು ಕೇಳಿದ. ಉತ್ತರ ಆ ದಿನ ಬೆಳಿಗ್ಗೆ ಮನೆಗೆ ಬಂದಿದ್ದ ಪತ್ರಿಕೆಯಲ್ಲಿಯೇ ಇತ್ತು, ನಾನು ಓದಿರಲಿಲ್ಲ.

ನಾಲ್ಕು ಅಂಕಿಗಳನ್ನು ಓದುವುದು

ನಮ್ಮ ಭಾಗದ ಪತ್ರಿಕೆಗಳು ಜಲಾಶಯದ ನೀರಿನ ವಿವರವನ್ನು, ಮಳೆಗಾಲದಲ್ಲಂತೂ ದಿನವೂ, ಚಿಕ್ಕ ಚೌಕಟ್ಟಿನಲ್ಲಿ ಮುದ್ರಿಸುತ್ತವೆ. ಅದರಲ್ಲಿ ಮಟ್ಟ, ಸಂಗ್ರಹ, ಒಳಹರಿವು, ಹೊರಹರಿವು ಎಂಬ ನಾಲ್ಕು ಅಂಕಿಗಳಿರುತ್ತವೆ. ರೈತರು ಅವನ್ನು ಕಣ್ಣಲ್ಲಿ ಕಣ್ಣಿಟ್ಟು ಓದುತ್ತಾರೆ. ನೋಡಲು ಹೋಗುವವರೂ ಓದುವುದನ್ನು ರೂಢಿಸಿಕೊಳ್ಳಬೇಕು.

ಮಟ್ಟವನ್ನು ಸಮುದ್ರಮಟ್ಟದಿಂದ ಎಣಿಸಿದ ಅಡಿಗಳಲ್ಲಿ ಕೊಡುತ್ತಾರೆ. ತುಂಗಭದ್ರೆಯ ಪೂರ್ಣ ಮಟ್ಟ 1,633 ಅಡಿ. ಅಣೆಕಟ್ಟೆಯ ಮೇಲ್ಭಾಗದಲ್ಲಿ ಸಾಲಾಗಿ ಕಾಣುವ 33 ಕ್ರಸ್ಟ್‌ಗೇಟುಗಳಲ್ಲಿ ಒಂದೊಂದೂ 60 ಅಡಿ ಅಗಲ, 20 ಅಡಿ ಎತ್ತರ ಇರುವುದರಿಂದ ಗೇಟಿನ ಬುಡವು 1,613 ಅಡಿಯ ಮಟ್ಟದಲ್ಲಿದೆ ಎಂದಾಯಿತು. ಆದ್ದರಿಂದ ಪತ್ರಿಕೆಯಲ್ಲಿ ಮಟ್ಟವು 1,613ಕ್ಕಿಂತ ಕಡಿಮೆ ಇದ್ದರೆ ನೀರು ಗೇಟಿನ ಬುಡವನ್ನೂ ಮುಟ್ಟಿಲ್ಲವೆಂದು ತಿಳಿಯಬೇಕು. ಅಂಥ ದಿನ ಗೇಟಿನಿಂದ ನೀರು ಬೀಳುವ ನೋಟ ಕಾಣಲು ಸಾಧ್ಯವೇ ಇಲ್ಲ. ಮೇ ತಿಂಗಳಲ್ಲಿ ನಾನು ಮಕ್ಕಳಿಗೆ ಕೊಟ್ಟ ಮಾತು ಹುಸಿಯಾದದ್ದು ಈ ಒಂದು ಅಂಕಿಯನ್ನು ನೋಡದ್ದರಿಂದ.

ಸಂಗ್ರಹವನ್ನು ಟಿಎಂಸಿ ಅಡಿಗಳಲ್ಲಿ, ಅಂದರೆ ನೂರು ಕೋಟಿ ಘನ ಅಡಿಗಳ ಲೆಕ್ಕದಲ್ಲಿ ಹೇಳುತ್ತಾರೆ. ಕಟ್ಟಿದ ಕಾಲಕ್ಕೆ ಈ ಜಲಾಶಯದ ಸಾಮರ್ಥ್ಯ ಸುಮಾರು 133 ಟಿಎಂಸಿ ಅಡಿ ಇತ್ತು. ಹೂಳು ತುಂಬುತ್ತ ಬಂದು ಈಗ ಲೆಕ್ಕಕ್ಕೆ ಹಿಡಿಯುವುದು 105.788 ಟಿಎಂಸಿ ಅಡಿ. ದಂಡೆಯ ಮೇಲೆ ನಿಂತು ಅಷ್ಟಗಲದ ನೀರನ್ನು ನೋಡುವಾಗ ಅದರಡಿಯಲ್ಲಿ ಕೂತಿರುವ ಹೂಳು ನೆನಪಿಗೆ ಬರುವುದಿಲ್ಲ, ಆದರೆ ಎರಡನೆಯ ಬೆಳೆಗೆ ನೀರು ಸಿಗುವುದೋ ಇಲ್ಲವೋ ಎಂದು ಕಾಯುವ ನಮ್ಮ ರೈತರಿಗೆ ಆ 27 ಟಿಎಂಸಿ ಅಡಿಯ ನಷ್ಟ ಏನೆಂಬುದು ಚೆನ್ನಾಗಿ ಗೊತ್ತಿದೆ. ಸಂಗ್ರಹದ ಅಂಕಿ ನಮಗೆ ಹೇಳುವುದು ಹಿನ್ನೀರಿನ ಹರಹನ್ನು. ಸಂಗ್ರಹ ತುಂಬಿದಾಗ ನೀರು ಹೊಲಗಳ ಅಂಚಿನವರೆಗೆ ಬಂದಿರುತ್ತದೆ. ಇಳಿದಾಗ ದಂಡೆಯಿಂದ ನೀರಿನವರೆಗೆ ಬಹಳ ದೂರ ಕೆಸರು ನೆಲವೇ ಇರುತ್ತದೆ.

ಒಳಹರಿವು ಮತ್ತು ಹೊರಹರಿವಿನ ಲೆಕ್ಕ ಕ್ಯುಸೆಕ್‌ನಲ್ಲಿರುತ್ತದೆ. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28.3 ಲೀಟರ್. ಊರಲ್ಲಿ ಟ್ರ್ಯಾಕ್ಟರ್ ಹಿಂದೆ ಕಟ್ಟಿಕೊಂಡು ಬರುವ 5,000 ಲೀಟರಿನ ನೀರಿನ ಟ್ಯಾಂಕರನ್ನು ನೆನೆಸಿಕೊಂಡರೆ ಈ ಲೆಕ್ಕ ಸುಲಭವಾಗಿ ಮನಸ್ಸಿಗಿಳಿಯುತ್ತದೆ: 50 ಸಾವಿರ ಕ್ಯುಸೆಕ್ ನೀರು ಬಿಟ್ಟಿದ್ದಾರೆಂದರೆ ಕಣ್ಣು ಮುಚ್ಚಿ ತೆರೆಯುವ ಒಂದೊಂದು ಸೆಕೆಂಡಿಗೂ ಅಂಥ 280ಕ್ಕೂ ಹೆಚ್ಚು ಟ್ಯಾಂಕರುಗಳು ನದಿಗೆ ಸುರಿದಂತೆ. ಒಂದು ಲಕ್ಷ ಕ್ಯುಸೆಕ್ ಇಡೀ ದಿನ ಹರಿದರೆ 8.64 ಟಿಎಂಸಿ ಅಡಿ ನೀರು ಹೋಗಿರುತ್ತದೆ.

ಹೊರಹರಿವಿನ ಅಂಕಿಯನ್ನು ನೋಡುವಾಗ ಒಂದು ಎಚ್ಚರ ಬೇಕು. ಅದರಲ್ಲಿ ಕಾಲುವೆಗಳಿಗೆ ಬಿಡುವ ನೀರೂ ಸೇರಿರುತ್ತದೆ. ಹೊರಹರಿವು ಎಂಟು ಹತ್ತು ಸಾವಿರ ಕ್ಯುಸೆಕ್ ಎಂದು ಓದಿ ಗೇಟು ತೆರೆದಿದ್ದಾರೆಂದು ಹೊರಟವರು ನಿರಾಶರಾಗುವುದು ಇದರಿಂದಲೇ; ಅಷ್ಟೂ ನೀರು ಎಡದಂಡೆ, ಬಲದಂಡೆ ಕಾಲುವೆಗಳಲ್ಲಿಯೇ ಹೋಗುತ್ತಿರಬಹುದು. ‘ನದಿಗೆ ಬಿಡುಗಡೆ’ ಎಂದು ಬೇರೆಯಾಗಿ ಬರೆದಿರುವ ಅಂಕಿಯನ್ನು, ಇಲ್ಲವೇ ಇಷ್ಟು ಗೇಟುಗಳನ್ನು ಇಷ್ಟು ಅಡಿ ಎತ್ತಲಾಗಿದೆ ಎಂಬ ಸಾಲನ್ನು ಹುಡುಕಬೇಕು.

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲಿಯೇ ಬಿಡಿಸಿಬಿಡುತ್ತೇನೆ. ನಮ್ಮ ಕಡೆ ಮೋಡವೇ ಇಲ್ಲ, ಹೊಳೆ ಸುಮ್ಮನಿದ್ದೀತು ಎಂದು ಅನೇಕರು ಭಾವಿಸುತ್ತಾರೆ. ಈ ಜಲಾಶಯವನ್ನು ತುಂಬಿಸುವುದು ಕೊಪ್ಪಳದ ಮಳೆಯಲ್ಲ, ಮಲೆನಾಡಿನ ಮಳೆ. ಗಾಜನೂರಿನ ತುಂಗಾ ಅಣೆಕಟ್ಟೆ ಚಿಕ್ಕದಾದ್ದರಿಂದ ಬೇಗ ತುಂಬಿ ಹೊರಳುತ್ತದೆ. ಲಕ್ಕವಳ್ಳಿಯ ಭದ್ರಾ ಜಲಾಶಯ ತುಂಬಿದ ಮೇಲೆ ಅದರ ನೀರೂ ಬರುತ್ತದೆ. ಕೂಡಲಿಯಲ್ಲಿ ಎರಡೂ ಸೇರಿ ತುಂಗಭದ್ರೆಯಾಗಿ, ಮುಂದೆ ವರದಾ ನದಿಯನ್ನೂ ಕೂಡಿಸಿಕೊಂಡು ನಮ್ಮತ್ತ ಹರಿಯುತ್ತದೆ. ಆದ್ದರಿಂದ ಶಿವಮೊಗ್ಗ, ಚಿಕ್ಕಮಗಳೂರು ಕಡೆ ನಾಲ್ಕು ದಿನ ಬಿಡದೆ ಮಳೆ ಹಿಡಿದಿದೆಯೆಂಬ ಸುದ್ದಿ ಬಂದರೆ, ಇಲ್ಲಿ ಸುಡುಬಿಸಿಲಿದ್ದರೂ ಡ್ಯಾಂ ಕೆಳಗಿನ ಹೊಳೆಯ ದಂಡೆಗೆ ಇಳಿಯುವ ಯೋಚನೆಯನ್ನು ಕೈಬಿಡಬೇಕು.

ಯಾವ ತಿಂಗಳು, ಯಾವ ನೋಟ

ತುಂಬಿದ ಜಲಾಶಯ ಮತ್ತು ತೆರೆದ ಗೇಟು, ಎರಡನ್ನೂ ನೋಡಬೇಕೆಂದರೆ ಜುಲೈ ಕೊನೆಯಿಂದ ಸೆಪ್ಟೆಂಬರ್ ನಡುವಿನ ಕಾಲ ಒಳ್ಳೆಯದು. ಎಲ್ಲ ವರ್ಷವೂ ಒಂದೇ ಬಗೆಯಾಗಿರುತ್ತದೆಂದು ನಂಬಿ ಕೂರುವಂತಿಲ್ಲ. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ, ತುಂಬಿ ನಿಂತಿದ್ದ ನೀರನ್ನು ಮನಸ್ಸಿಲ್ಲದ ಮನಸ್ಸಿನಿಂದ ನದಿಗೆ ಬಿಡಬೇಕಾಯಿತು. ಗೇಟುಗಳ ತಜ್ಞರಾದ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲಿಯೇ ಸ್ಟಾಪ್‌ಲಾಗ್, ಅಂದರೆ ಗೇಟಿನ ಜಾಗವನ್ನು ಮುಚ್ಚುವ ಉಕ್ಕಿನ ತಡೆಹಲಗೆಗಳನ್ನು, ಇಳಿಸಿ ಸೋರಿಕೆಯನ್ನು ತಡೆದ ಆ ವಾರವನ್ನು ನಮ್ಮ ನಾಲ್ಕೂ ಜಿಲ್ಲೆಗಳ ಜನ ಉಸಿರು ಬಿಗಿಹಿಡಿದು ಕಳೆದರು. ಅದರ ಮರುವರ್ಷ, 2025ರಲ್ಲಿ, ಹಳೆಯ ಗೇಟುಗಳ ಸುರಕ್ಷತೆಯ ದೃಷ್ಟಿಯಿಂದ ಸಂಗ್ರಹವನ್ನು 80 ಟಿಎಂಸಿ ಅಡಿಯ ಆಸುಪಾಸಿಗೆ ಸೀಮಿತಗೊಳಿಸಲಾಯಿತು. ಗೇಟುಗಳ ಕೆಲಸ, ದುರಸ್ತಿ, ಭಾರಿ ಹೊರಹರಿವು ಇವುಗಳ ಸುದ್ದಿ ಇರುವ ದಿನಗಳಲ್ಲಿ ಅಣೆಕಟ್ಟೆಯ ಆಸುಪಾಸಿಗೆ ಜನರನ್ನು ಬಿಡುವುದಿಲ್ಲ. ಅದನ್ನು ನೋಡಿಕೊಂಡೇ ಹೊರಡಬೇಕು, ತಡೆದು ನಿಲ್ಲಿಸಿದ ಕಾವಲುಗಾರರೊಡನೆ ವಾದಕ್ಕಿಳಿಯಬಾರದು.

ನವೆಂಬರಿನಿಂದ ಫೆಬ್ರುವರಿಯವರೆಗಿನ ಕಾಲವನ್ನು ನಾನು ವಯಸ್ಸಾದವರಿಗೆ ಮತ್ತು ಹಕ್ಕಿ ನೋಡುವವರಿಗೆ ಹೇಳುತ್ತೇನೆ. ಬಿಸಿಲು ಹಿತವಾಗಿರುತ್ತದೆ, ನೀರು ಸಾಕಷ್ಟು ಇರುತ್ತದೆ, ದಂಡೆಯ ಮೇಲೆ ಮಧ್ಯಾಹ್ನವೂ ಕೂರಬಹುದು. ಮಾರ್ಚ್ ದಾಟಿದ ಮೇಲೆ ನಮ್ಮ ಬಿಸಿಲು 40 ಡಿಗ್ರಿಯನ್ನು ಮೀರುತ್ತದೆ. ಆಗ ಹೋಗಲೇಬೇಕೆಂದಿದ್ದರೆ ಸಂಜೆ ನಾಲ್ಕೂವರೆಯ ನಂತರ ಉದ್ಯಾನಕ್ಕೆ ಮಾತ್ರ ಹೋಗಿ, ಕತ್ತಲಾದ ಮೇಲೆ ಹಿಂದಿರುಗುವುದು ಸರಿ.

ಎಡದಂಡೆಯೋ ಬಲದಂಡೆಯೋ

1945ರ ಫೆಬ್ರುವರಿಯಲ್ಲಿ ಈ ಅಣೆಕಟ್ಟೆಗೆ ಅಡಿಗಲ್ಲು ಹಾಕಿದಾಗ ನದಿಯ ಎಡಕ್ಕೆ ಹೈದರಾಬಾದಿನ ನಿಜಾಮರ ಆಡಳಿತವಿತ್ತು, ಬಲಕ್ಕೆ ಮದರಾಸು ಪ್ರಾಂತವಿತ್ತು. ಎರಡು ಸರ್ಕಾರಗಳು ಎರಡು ಕಡೆಯಿಂದ ಕಟ್ಟುತ್ತ ಬಂದ ಕಲ್ಲಿನ ಕಟ್ಟಡವಿದು; 1953ರ ಹೊತ್ತಿಗೆ ನೀರು ನಿಲ್ಲಿಸಲಾಯಿತು. ಆ ಹಳೆಯ ಗಡಿ ಇಂದಿಗೂ ಬೇರೊಂದು ಬಗೆಯಲ್ಲಿ ಉಳಿದಿದೆ. ಎಡದಂಡೆಯ ಮುನಿರಾಬಾದು ಕೊಪ್ಪಳ ಜಿಲ್ಲೆಯಲ್ಲಿದೆ. ಬಲದಂಡೆಯ ಹೊಸಪೇಟೆ ಕಡೆಯ ಭಾಗ 2021ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದು ಈಗ ವಿಜಯನಗರ ಜಿಲ್ಲೆಗೆ ಸೇರಿದೆ.

ಜನ ಸಾಮಾನ್ಯವಾಗಿ ಡ್ಯಾಂ ಪಾರ್ಕ್ ಎನ್ನುವುದು ಬಲದಂಡೆಯ ಉದ್ಯಾನವನ್ನು. ಹೂದೋಟ, ಜಿಂಕೆವನ, ಸಂಜೆಯ ಸಂಗೀತ ಕಾರಂಜಿ, ಗುಡ್ಡದ ಮೇಲಿನ ವೈಕುಂಠ ಅತಿಥಿಗೃಹ ಇವೆಲ್ಲ ಆ ಬದಿಗಿವೆ. ಚಿಕ್ಕ ಮಕ್ಕಳಿರುವ ಮನೆಯವರಿಗೆ ಅದೇ ಅನುಕೂಲ. ರಜೆಯ ದಿನಗಳಲ್ಲಿ ಮಾತ್ರ ಗದ್ದಲ ವಿಪರೀತ. ಕಾರಂಜಿಯ ಹೊತ್ತಿಗೆ ಮಕ್ಕಳ ಕೈ ಬಿಡಬಾರದು, ದೊಡ್ಡವರ ಹೆಸರು ಮತ್ತು ಫೋನ್ ನಂಬರ್ ಬರೆದ ಚೀಟಿಯನ್ನು ಮಗುವಿನ ಜೇಬಿನಲ್ಲಿ ಇಟ್ಟಿರಬೇಕು.

ಎಡದಂಡೆಯ ಮುನಿರಾಬಾದಿನಲ್ಲಿ ಜಪಾನ್ ಮಾದರಿಯ ವಿನ್ಯಾಸಕ್ಕೆ ಹೆಸರಾದ ಪಂಪಾವನವಿದೆ. ಸದ್ದಿಲ್ಲದೆ ಕೂತು ಮರಗಳ ನೆರಳಲ್ಲಿ ಬುತ್ತಿ ಬಿಚ್ಚಬೇಕೆನ್ನುವವರಿಗೆ ನಾನು ಈ ದಂಡೆಯನ್ನೇ ಹೇಳುವುದು. ಸಮೀಪದಲ್ಲಿಯೇ ಹೊಳೆಯ ದಂಡೆಗೆ ಹುಲಿಗೆಮ್ಮ ದೇವಿಯ ಗುಡಿಯಿರುವ ಹುಲಿಗಿ ಇದೆ. ಅಮ್ಮನ ದರ್ಶನ ಮುಗಿಸಿಕೊಂಡು ಉದ್ಯಾನಕ್ಕೆ ಬರುವುದು ನಮ್ಮ ಭಾಗದ ಮನೆಗಳಲ್ಲಿ ಹಳೆಯ ಪದ್ಧತಿ. ಆದರೆ ಮಂಗಳವಾರ, ಶುಕ್ರವಾರ, ಹುಣ್ಣಿಮೆ ಮತ್ತು ಜಾತ್ರೆಯ ದಿನಗಳಲ್ಲಿ ಹುಲಿಗಿಯ ದಾರಿ ಜನ, ಟಂಟಂ, ಟ್ರ್ಯಾಕ್ಟರುಗಳಿಂದ ತುಂಬಿಹೋಗಿರುತ್ತದೆ. ಆ ದಿನಗಳನ್ನು ದೇವಿಗೇ ಮೀಸಲಿಟ್ಟು, ಉದ್ಯಾನಕ್ಕೆ ಬೇರೆ ದಿನ ಬರುವುದೇ ಒಳಿತು. ಎರಡೂ ದಂಡೆಗಳನ್ನು ಒಂದೇ ದಿನ ನೋಡುತ್ತೇವೆಂದು ಹೊರಟವರು ದಿನದ ಅರ್ಧವನ್ನು ರಸ್ತೆಯ ಮೇಲೆಯೇ ಕಳೆಯುತ್ತಾರೆ. ವಯಸ್ಸಾದವರು ಜೊತೆಗಿದ್ದರೆ ಒಂದನ್ನು ಆರಿಸಿಕೊಳ್ಳಿ.

ಹೋಗುವ ದಾರಿ

ಕೊಪ್ಪಳ, ಗದಗ ಕಡೆಯಿಂದ ಬರುವವರಿಗೆ ರೈಲು ಬಹಳ ಒಳ್ಳೆಯದು. ಗಿಣಿಗೇರಾ ದಾಟಿದರೆ ಮುನಿರಾಬಾದ್ ನಿಲ್ದಾಣ; ಆದರೆ ಎಲ್ಲ ಗಾಡಿಗಳೂ ಅಲ್ಲಿ ನಿಲ್ಲುವುದಿಲ್ಲವಾದ್ದರಿಂದ ಟಿಕೆಟ್ ತೆಗೆಯುವಾಗಲೇ ಕೇಳಿಕೊಳ್ಳಬೇಕು. ಹೊಸಪೇಟೆಯವರೆಗೆ ಹೋಗುವವರು ಬಲಬದಿಯ ಕಿಟಕಿಯ ಪಕ್ಕ ಕೂರಲಿ. ಮುನಿರಾಬಾದು ಬಿಟ್ಟ ಮೇಲೆ ಗಾಡಿ ಹೊಳೆಯ ಸೇತುವೆ ದಾಟುವಾಗ ನದಿಯ ಮೇಲ್ಭಾಗದ ಅಣೆಕಟ್ಟೆ ಆ ಬದಿಗೆ ಕಾಣುತ್ತದೆ. ಗೇಟು ತೆರೆದ ದಿನವಾದರೆ ಆ ಅರೆ ನಿಮಿಷದ ನೋಟವನ್ನು ಮಕ್ಕಳು ಬಹುಕಾಲ ನೆನೆಸುತ್ತಾರೆ.

ಬಸ್ಸಿನಲ್ಲಾದರೆ ಕೊಪ್ಪಳ–ಹೊಸಪೇಟೆ ಮಾರ್ಗದ ಗಾಡಿ ಹಿಡಿದು ಮುನಿರಾಬಾದಿನ ಬಳಿ ಇಳಿದು ಆಟೋ ಮಾಡಿಕೊಳ್ಳಬಹುದು. ರಾಯಚೂರು, ಸಿಂಧನೂರಿನಿಂದ ಬರುವವರು ಗಂಗಾವತಿಯ ಮೇಲೆ ಬರುತ್ತಾರೆ. ಸ್ವಂತ ವಾಹನದವರಿಗೆ ಹೇಳುವ ಮಾತೊಂದಿದೆ. ಡ್ಯಾಂ ಕೆಳಗಿನ ಹೆದ್ದಾರಿ ಸೇತುವೆಯಿಂದ ತೆರೆದ ಗೇಟುಗಳ ಸಾಲು ಕಣ್ಣಿಗೆ ಕಟ್ಟಿದಂತೆ ಕಾಣುತ್ತದೆ, ಆದ್ದರಿಂದ ಜನ ಬೈಕು, ಕಾರುಗಳನ್ನು ಸೇತುವೆಯ ಮೇಲೆಯೇ ನಿಲ್ಲಿಸಿ ಫೋಟೋಕ್ಕೆ ನಿಲ್ಲುತ್ತಾರೆ. ಲಾರಿಗಳು ಒಂದರ ಹಿಂದೊಂದು ಓಡುವ ಆ ರಸ್ತೆಯಲ್ಲಿ ಬೆನ್ನು ಹಾಕಿ ನಿಲ್ಲುವುದು ಪ್ರಾಣಕ್ಕೆ ಅಪಾಯ. ಸೇತುವೆ ದಾಟಿ, ರಸ್ತೆಯಿಂದ ಪೂರ್ತಿ ಕೆಳಗಿಳಿಸಿ ವಾಹನ ನಿಲ್ಲಿಸಿದ ಮೇಲೆಯೇ ಇಳಿಯಬೇಕು.

ಬುತ್ತಿ ಮತ್ತು ಕೂರುವ ಜಾಗ

ಮನೆಯಿಂದಲೇ ಬುತ್ತಿ ಕಟ್ಟಿಕೊಂಡು ಹೋಗಿ. ಖಡಕ್ ರೊಟ್ಟಿ, ಎಣಗಾಯಿ ಪಲ್ಯ, ಶೇಂಗಾ ಚಟ್ನಿ, ಮೊಸರನ್ನ ಇಷ್ಟಿದ್ದರೆ ಹತ್ತು ಜನರ ಊಟ ನಿರಾಯಾಸವಾಗಿ ಆಗುತ್ತದೆ, ಮಧ್ಯಾಹ್ನದವರೆಗೆ ಕೆಡುವುದಿಲ್ಲ. ಸಂಜೆಗೆ ಒಗ್ಗರಣಿ ಮಿರ್ಚಿ ಎಲ್ಲಿ ಬೇಕಾದರೂ ಸಿಗುತ್ತದೆ. ಮೀನು ತಿನ್ನುವವರಿಗೆ ಡ್ಯಾಂ ಸುತ್ತಮುತ್ತ ಕರಿದ ಮೀನಿನ ಅಂಗಡಿಗಳಿವೆ, ಎದುರಿಗೇ ಕರಿಸಿಕೊಂಡು ಬಿಸಿಯಾಗಿ ತಿನ್ನಬೇಕು. ಕುಡಿಯುವ ನೀರನ್ನು ಮಾತ್ರ ತಲೆಗೆ ಎರಡು ಲೀಟರಿನಂತೆ ಮನೆಯಿಂದಲೇ ಒಯ್ಯಿರಿ. ಕಣ್ಣೆದುರು ಅಷ್ಟು ನೀರಿದ್ದರೂ ಅದು ಕುಡಿಯುವ ನೀರಲ್ಲ.

ಕೂರಲು ಜಾಗ ಆರಿಸುವಾಗ ನೆರಳು ಈಗ ಎಲ್ಲಿದೆ ಎಂಬುದಕ್ಕಿಂತ ಎರಡು ತಾಸಿನ ನಂತರ ಎಲ್ಲಿಗೆ ಸರಿಯುತ್ತದೆ ಎಂಬುದನ್ನು ನೋಡಿಕೊಳ್ಳಿ. ಮಧ್ಯಾಹ್ನ ದಾಟಿದ ಮೇಲೆ ಮರದ ಪೂರ್ವಕ್ಕೆ ಹಾಸಿಕೊಂಡರೆ ಸಂಜೆಯವರೆಗೆ ಏಳಬೇಕಾಗುವುದಿಲ್ಲ. ಗಾಳಿ ಜೋರಾಗಿ ಬೀಸುವ ಜಾಗವಾದ್ದರಿಂದ ಪ್ಲಾಸ್ಟಿಕ್ ತಟ್ಟೆಗಳಿಗಿಂತ ಸ್ಟೀಲ್ ತಟ್ಟೆ ಅಥವಾ ಮುತ್ತುಗದ ಎಲೆ ಮೇಲು. ಕಾಗದದ ಲೋಟ ಹಾರಿತೆಂದರೆ ಹೋಗಿ ಬೀಳುವುದು ನೀರಿಗೇ. ಕೋತಿಗಳಿರುವ ಕಡೆ ಊಟದ ಚೀಲವನ್ನು ಬಿಚ್ಚಿಟ್ಟು ಎದ್ದು ಹೋಗಬಾರದು. ಮೊಣಕಾಲು ನೋವಿನವರಿದ್ದರೆ ಒಂದು ಮಡಚುವ ಕುರ್ಚಿಯನ್ನು ಮರೆಯದೆ ಹಾಕಿಕೊಳ್ಳಿ. ನಮ್ಮ ಅವ್ವ ಆ ಮೇ ತಿಂಗಳ ಪ್ರಯಾಣದಲ್ಲಿ ಎರಡು ತಾಸು ಕಟ್ಟೆಯ ತುದಿಯಲ್ಲಿ ಮುದುಡಿ ಕೂತಿದ್ದುದನ್ನು ಕಂಡ ಮೇಲೆ ನಾನು ಕುರ್ಚಿ ಇಲ್ಲದೆ ಅವರನ್ನು ಎಲ್ಲಿಗೂ ಕರೆದೊಯ್ದಿಲ್ಲ.

ಕಾಲುವೆಯ ಅಂಚು

ಈಗ ಹೇಳುವುದನ್ನು ದಯವಿಟ್ಟು ಮನೆಯ ಎಲ್ಲರಿಗೂ, ಅದರಲ್ಲೂ ಹದಿಹರೆಯದ ಹುಡುಗರಿಗೆ ಓದಿ ಹೇಳಬೇಕೆಂದು ಕೇಳಿಕೊಳ್ಳುತ್ತೇನೆ. ಅಣೆಕಟ್ಟೆಯ ಹತ್ತಿರ ಜನರಿಗೆ ಭಯ ಹುಟ್ಟಿಸುವುದು ಅಬ್ಬರಿಸುವ ಗೇಟು. ಆದರೆ ನನ್ನ ಮಟ್ಟಿಗೆ ಅದಕ್ಕಿಂತ ಹೆಚ್ಚು ಅಪಾಯದ್ದು, ಸದ್ದಿಲ್ಲದೆ ಹರಿಯುವ ಎಡದಂಡೆ ಕಾಲುವೆ. ಗೇಟಿನ ನೀರನ್ನು ಕಂಡು ಎಲ್ಲರೂ ಹಿಂದೆ ಸರಿಯುತ್ತಾರೆ. ಕಾಲುವೆಯನ್ನು ಕಂಡು ಕೈಕಾಲು ತೊಳೆಯೋಣವೆಂದು ಹತ್ತಿರ ಹೋಗುತ್ತಾರೆ.

ಕಾಲುವೆಯ ಬದಿಗೆ ಒಮ್ಮೆ ದೂರದಿಂದಲೇ ಬಗ್ಗಿ ನೋಡಿ. ಇಳಿಜಾರಿನ ಹಾಸುಗಲ್ಲು ನೀರಿನತ್ತ ಜಾರುಬಂಡಿಯಂತೆ ಇಳಿದಿರುತ್ತದೆ. ನೀರಿನ ಗೆರೆಗಿಂತ ಒಂದು ಗೇಣು ಮೇಲಿನಿಂದಲೇ ಕಲ್ಲಿನ ಬಣ್ಣ ಬೂದುಬಣ್ಣದಿಂದ ಕಡುಹಸಿರಿಗೆ ತಿರುಗಿರುತ್ತದೆ. ಆ ಹಸಿರು ಪಾಚಿ. ಹಿಂದಿನ ವಾರ ನೀರು ಅಷ್ಟು ಎತ್ತರಕ್ಕಿತ್ತು ಎಂಬುದರ ಗುರುತು. ಒಣಗಿದಂತೆ ಕಂಡರೂ ಅದರ ಮೇಲೆ ಅಂಗಾಲು ನಿಲ್ಲುವುದಿಲ್ಲ. ಒಮ್ಮೆ ಜಾರಿ ನೀರಿಗೆ ಬಿದ್ದರೆ ಹಿಡಿದುಕೊಳ್ಳಲು ಬೇರಾಗಲಿ ಹುಲ್ಲಾಗಲಿ ಮೆಟ್ಟಿಲಾಗಲಿ ಕೈಗೆ ಸಿಗುವುದಿಲ್ಲ. ಹತ್ತಬೇಕೆಂದರೆ ಅದೇ ಪಾಚಿಯ ಕಲ್ಲನ್ನೇ ಹತ್ತಬೇಕು. ಈಜು ಬಲ್ಲವರೂ ಸೋಲುವುದು ಇಲ್ಲಿ. ಕಾಲುವೆಯ ಏರಿಯ ಮೇಲೆ ಕುರಿ ಕಾಯುತ್ತಿದ್ದ ಹಿರಿಯರೊಬ್ಬರು ಎಣ್ಣೆ ಡಬ್ಬಿಯೊಂದಕ್ಕೆ ಉದ್ದನೆಯ ಹಗ್ಗ ಕಟ್ಟಿ, ಮೇಲೆಯೇ ನಿಂತು ನೀರು ಸೇದಿ ಮುಖ ತೊಳೆಯುತ್ತಿದ್ದುದನ್ನು ನೋಡಿದ್ದೇನೆ. ದಿನವೂ ಅಲ್ಲಿಯೇ ಇರುವವರು ಕೆಳಗಿಳಿಯುವುದಿಲ್ಲವೇ ಎಂದು ಕೇಳಿದ್ದಕ್ಕೆ ಅವರು, ‘ಕಾಲಿವಿ ನೀರು ನೋಡಾಕ ಸುಮ್ಮಗ ಐತಿ ತಮ್ಮಾ, ಒಳಗ ಎಳಿತೈತಿ’ ಎಂದರು.

ಯಾರಾದರೂ ಬಿದ್ದರೆ ನೀವೂ ಹಾರಬೇಡಿ. ಬಿದ್ದವರು ಹರಿವಿನೊಡನೆ ಮುಂದೆ ಸಾಗುತ್ತಿರುತ್ತಾರಾದ್ದರಿಂದ ಏರಿಯ ಮೇಲೆ ಅವರಿಗಿಂತ ಮುಂದೆ ಓಡಿ, ಅಲ್ಲಿಂದ ಸೀರೆಯನ್ನೋ, ಒಂದಕ್ಕೊಂದು ಗಂಟು ಹಾಕಿದ ಟವೆಲ್ಲುಗಳನ್ನೋ, ಹಗ್ಗ ಕಟ್ಟಿದ ಖಾಲಿ ಕ್ಯಾನನ್ನೋ ಎಸೆಯಬೇಕು. ಎಳೆಯುವವರು ನಿಂತು ಎಳೆಯಬಾರದು. ಏರಿಯ ಮೇಲೆ ಬೋರಲು ಮಲಗಿ, ಹಿಂದಿನಿಂದ ಮತ್ತೊಬ್ಬರು ಕಾಲು ಹಿಡಿದುಕೊಂಡಿರುವಂತೆ ಎಳೆಯಬೇಕು. ಅದೇ ಹೊತ್ತಿಗೆ ಇನ್ನೊಬ್ಬರು 112ಕ್ಕೆ ಕರೆ ಮಾಡಿ ಕಾಲುವೆಯ ಹೆಸರನ್ನೂ ಹತ್ತಿರದ ಸೇತುವೆಯನ್ನೂ ಹೇಳಬೇಕು. ಇದಕ್ಕಾಗಿ ನಾನು ಈಗ ವಾಹನದಲ್ಲಿ 15 ಮೀಟರ್ ನೂಲಿನ ಹಗ್ಗವನ್ನೂ ಮುಚ್ಚಳ ಬಿಗಿಯಾಗಿರುವ ಐದು ಲೀಟರಿನ ಖಾಲಿ ಕ್ಯಾನನ್ನೂ ಇಟ್ಟುಕೊಂಡೇ ಹೊರಡುತ್ತೇನೆ. ನೀವೂ ಇಟ್ಟುಕೊಳ್ಳಿ.

ಡ್ಯಾಂ ಕೆಳಗಿನ ಹೊಳೆಯಲ್ಲಿ ಬೇರೆ ಬಗೆಯ ಅಪಾಯವಿದೆ. ನೀರು ಕಡಿಮೆಯಿದ್ದಾಗ ಬಂಡೆಯಿಂದ ಬಂಡೆಗೆ ದಾಟುತ್ತ ನಡುಹೊಳೆಯವರೆಗೆ ಹೋಗುವುದು ಸುಲಭ. ಮೇಲಿನಿಂದ ನೀರು ಬಿಟ್ಟರೆ ಮರಳುವ ದಾರಿಯ ಬಂಡೆಗಳೇ ಮೊದಲು ಮುಳುಗುತ್ತವೆ. ದೊಡ್ಡ ಪ್ರಮಾಣದಲ್ಲಿ ನೀರು ಬಿಟ್ಟಾಗ ಆನೆಗುಂದಿಯ ನವವೃಂದಾವನ ನಡುಗಡ್ಡೆ, ಹಂಪಿಯ ಪುರಂದರ ಮಂಟಪ, ಕಂಪ್ಲಿಯ ಹಳೆಯ ಸೇತುವೆ ಜಲಾವೃತವಾಗುತ್ತವೆ, ವಿರೂಪಾಪುರ ಗಡ್ಡೆಯ ಸಂಪರ್ಕ ಕಡಿಯುತ್ತದೆ. ಸೈರನ್ ಕೇಳಿದರೆ, ನೀರಿನ ಬಣ್ಣ ಕದಡಿದರೆ, ಒಂದು ಬಂಡೆಯ ಸುತ್ತಿನ ಒದ್ದೆ ಗೆರೆ ನೋಡುನೋಡುತ್ತ ಮೇಲೇರಿದರೆ ಚಪ್ಪಲಿ, ಚೀಲಗಳನ್ನು ಹುಡುಕುತ್ತ ನಿಲ್ಲದೆ ದಡಕ್ಕೆ ಬಂದುಬಿಡಬೇಕು. ತೆಪ್ಪದಲ್ಲಿ ಕೂರುವುದಿದ್ದರೆ ಲೈಫ್ ಜಾಕೆಟ್ ಕೊಡುವವರ ತೆಪ್ಪವನ್ನೇ ಏರಿ, ಗೇಟು ತೆರೆದ ದಿನಗಳಲ್ಲಿ ಯಾರು ಕರೆದರೂ ಏರಬೇಡಿ.

ಹಿನ್ನೀರಿನ ಹಕ್ಕಿಗಳು, ಹೊಳೆಯ ನೀರುನಾಯಿ

ಉದ್ಯಾನವನ್ನಷ್ಟೇ ನೋಡಿ ಹಿಂದಿರುಗುವವರು ಹಿನ್ನೀರಿನ ಚಳಿಗಾಲದ ಬೆಳಗನ್ನು ಕಳೆದುಕೊಳ್ಳುತ್ತಾರೆ. ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಈ ಹಿನ್ನೀರಿನ ಅಂಚಿನಲ್ಲಿ ಚಳಿಗಾಲ ಕಳೆಯುತ್ತವೆ. ತಲೆಯ ಹಿಂಭಾಗದ ಎರಡು ಕಪ್ಪು ಪಟ್ಟಿಗಳಿಂದ ಅವನ್ನು ಗುರುತಿಸುವುದು ಸುಲಭ. ರಾಜಹಂಸಗಳೂ ಬಣ್ಣದ ಕೊಕ್ಕರೆಗಳೂ ಕಾಣಸಿಗುತ್ತವೆ. ಸೂರ್ಯ ಹುಟ್ಟುವ ಹೊತ್ತಿಗೆ ಅಲ್ಲಿರಬೇಕು, ಬೆಳಕು ಬೆನ್ನ ಹಿಂದೆ ಇರುವಂತೆ ನಿಲ್ಲಬೇಕು, ಕೆಂಪು ಹಳದಿ ಬಟ್ಟೆ ತೊಡದೆ ಮಣ್ಣಿನ ಬಣ್ಣದ ಬಟ್ಟೆ ತೊಡಬೇಕು. ಹಕ್ಕಿಗಳು ತಲೆಯೆತ್ತಿ ನಿಮ್ಮತ್ತ ನೋಡತೊಡಗಿದರೆ ನೀವು ಸಾಕಷ್ಟು ಹತ್ತಿರ ಬಂದಿದ್ದೀರಿ ಎಂದರ್ಥ. ಅಲ್ಲಿಂದ ಒಂದು ಹೆಜ್ಜೆಯೂ ಮುಂದಿಡಬಾರದು. ನೀರು ಇಳಿದ ಕೆಸರು ನೆಲದ ಮೇಲೆ ನಡೆಯುವುದೂ ಬೇಡ, ಮೇಲೆ ಬಿರುಕು ಬಿಟ್ಟು ಒಣಗಿದಂತೆ ಕಾಣುವ ಜಾಗದಲ್ಲಿಯೇ ಮೊಣಕಾಲಿನವರೆಗೆ ಹೂತುಹೋಗುವುದುಂಟು.

ಹೊಳೆಯಲ್ಲಿ ನೀರುನಾಯಿಗಳಿವೆ. ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿಲೋಮೀಟರ್ ನದಿಭಾಗವನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಿತ ಪ್ರದೇಶವೆಂದು ಸರ್ಕಾರ ಘೋಷಿಸಿತು. ಅವು ಸಿಗುವುದು ಅದೃಷ್ಟದ ಮೇಲೆ. ಬಂಡೆಯ ಮೇಲೆ ಮೀನಿನ ಮುಳ್ಳು, ಹುರುಪೆ ತುಂಬಿದ ಹಿಕ್ಕೆ ಕಂಡರೆ ಅವು ಅಲ್ಲಿ ಓಡಾಡಿವೆಯೆಂದು ಮಕ್ಕಳಿಗೆ ತೋರಿಸಿ. ಎಸೆದ ಬಲೆಯ ತುಂಡು, ಗಾಜಿನ ಬಾಟಲಿಗಳೇ ಅವುಗಳಿಗೆ ಕಂಟಕ.

ಹಿಂದಿರುಗುವಾಗ

ಏಳುವ ಮುನ್ನ ಕೂತ ಜಾಗದ ಸುತ್ತ ಹತ್ತು ಹೆಜ್ಜೆ ನಡೆದು, ನಮ್ಮದಲ್ಲದ ಕಸವನ್ನೂ ಸೇರಿಸಿ ಒಂದು ಚೀಲ ತುಂಬುವುದನ್ನು ಮಕ್ಕಳಿಗೆ ಒಪ್ಪಿಸಿ. ಇಲ್ಲಿ ಬಿಟ್ಟ ಪ್ಲಾಸ್ಟಿಕ್ ಚೀಲ ಗಾಳಿಗೆ ಕಾಲುವೆ ಸೇರಿ, ಮುಂದೆ ಯಾರದೋ ಗದ್ದೆಯ ತೂಬಿಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಸಿಂಧನೂರು, ಮಾನ್ವಿ ಕಡೆಯ ಕೊನೆಯ ಭಾಗದ ರೈತರು ನೀರು ಬರಲಿಲ್ಲವೆಂದು ರಾತ್ರಿ ಬ್ಯಾಟರಿ ಹಿಡಿದು ತೂಬು ಬಿಡಿಸಲು ಹೋಗಬೇಕಾಗುತ್ತದೆ.

ಕಾರಂಜಿ ನೋಡಿ ಹೊರಡುವವರು ಬಸ್ಸನ್ನು ನಂಬಿದ್ದರೆ, ಇಳಿದ ಕೂಡಲೇ ಕೊನೆಯ ಗಾಡಿಯ ಹೊತ್ತನ್ನು ಕಂಡಕ್ಟರರಲ್ಲಿಯೇ ಕೇಳಿಟ್ಟುಕೊಳ್ಳಿ, ಆಟೋದವರ ನಂಬರನ್ನೂ ತೆಗೆದುಕೊಳ್ಳಿ. ಬೈಕಿನಲ್ಲಿ ಬಂದವರು ಕತ್ತಲಲ್ಲಿ ಕಾಲುವೆಯ ಏರಿಯ ದಾರಿ ಹಿಡಿಯದೆ, ಎಷ್ಟೇ ಸುತ್ತಾದರೂ ಹೆದ್ದಾರಿಯಲ್ಲಿಯೇ ಹೋಗಬೇಕು. ನಾವು ಅದೇ ವರ್ಷ ಆಗಸ್ಟಿನಲ್ಲಿ, ಪತ್ರಿಕೆಯಲ್ಲಿ 1,632 ಅಡಿ ಎಂದು ನೋಡಿದ ಮರುದಿನ, ಮತ್ತೆ ಹೋದೆವು. ಗೇಟುಗಳ ತುಂತುರು ಗಾಳಿಗೆ ತೇಲಿ ಬಂದು ಕುರ್ಚಿಯಲ್ಲಿ ಕೂತಿದ್ದ ಅವ್ವನ ಕನ್ನಡಕದ ಮೇಲೆ ಹನಿಗಟ್ಟುತ್ತಿತ್ತು. ಸೆರಗಿನಿಂದ ಒರೆಸುವುದು, ಮತ್ತೆ ಹಾಕಿಕೊಳ್ಳುವುದು, ಮತ್ತೆ ಒರೆಸುವುದು ನಡೆದೇ ಇತ್ತು. ಹೊರಡೋಣವೇ ಎಂದು ಎರಡು ಸಲ ಕೇಳಿದೆ. ‘ಇನ್ನೊಂದೀಟು ತಡಿಯೋ’ ಎಂದು ಎರಡು ಸಲವೂ ಹೇಳಿದರು.